ಮೇಲ್ ಇಂಜಿನ್‌ಗೆ ಗೂಡ್ಸ್ ಡ್ಯೂಟಿ

ಉಡುಪಿ
14 ಜುಲೈ 2024, ಭಾನುವಾರ

ಮಾವನನ್ನು ರೈಲು ಹತ್ತಿಸಲು ಇಂದ್ರಾಳಿ ಸ್ಟೇಷನ್‌ಗೆ ಹೋಗಿದ್ದೆ. ಮಳೆ, ಮೇಲಿಂದ ಗಾಡಿ ಲೇಟು. ಲಾರಿಗಳನ್ನು ಹೊತ್ತ ರೋರೋ ಗಾಡಿ ದಾಟಿ ಹೋದದ್ದೇ ಮಾವನ ಮಾತು ಶುರು. ಹಿಂದೆ ಮದ್ರಾಸ್ ಕಡೆ ಸ್ಟೀಮ್ ಇಂಜಿನ್‌ಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವರು.

"ಡಬ್ಲ್ಯುಪಿ ಇಂಜಿನ್‌ಗೆ ಗೂಡ್ಸ್ ಕಟ್ಟಿದರೆ ನಮ್ಮ ಕತೆ ಮುಗಿಯಿತು ಮಾರಾಯ!"

ಡಬ್ಲ್ಯುಪಿ ಅಂದರೆ 1947ರಲ್ಲಿ ಬಂದ, ಮೂತಿ ಚೂಪಾದ ಎಕ್ಸ್‌ಪ್ರೆಸ್ ಸ್ಟೀಮ್ ಇಂಜಿನ್. ಮೇಲ್ ಗಾಡಿಗಳಿಗೆ ಡೀಸೆಲ್, ಕರೆಂಟ್ ಇಂಜಿನ್ ಬಂದ ಮೇಲೆ ಇವುಗಳ ಪಾಲಿಗೆ ಲೋಕಲ್ಲು, ಗೂಡ್ಸು. ರೈಲು ಹುಚ್ಚಿನವರು ಇದನ್ನು ರಾಣಿಗಾದ ಅವಮಾನ ಅಂತ ಬರೆಯುತ್ತಾರೆ. ನನಗೇನೋ ಇಂಜಿನ್‌ಗಿಂತ ಅದನ್ನು ಓಡಿಸಿದವರ ಪಾಡೇ ಜಾಸ್ತಿ ಅನಿಸುತ್ತದೆ.

ಗೂಡ್ಸ್‌ಗೆಂದೇ ಮಾಡಿದ ಡಬ್ಲ್ಯುಜಿಯ ಬಾಯ್ಲರೂ ಇದೇ. ವ್ಯತ್ಯಾಸ ಇರುವುದು ಕೆಳಗೆ. ಡಬ್ಲ್ಯುಪಿಗೆ 1705 ಮಿ.ಮೀ.ನ ಮೂರು ಜೊತೆ ಎಳೆಯುವ ಚಕ್ರ, ಡಬ್ಲ್ಯುಜಿಗೆ 1562 ಮಿ.ಮೀ.ನ ನಾಲ್ಕು ಜೊತೆ. ಸಿಲಿಂಡರೂ ಡಬ್ಲ್ಯುಜಿಯದ್ದೇ ದೊಡ್ಡದು. ಎಳೆಯುವ ಬಲ ಡಬ್ಲ್ಯುಪಿಗೆ ಸುಮಾರು 14 ಟನ್, ಡಬ್ಲ್ಯುಜಿಗೆ ಹದಿನೇಳೂವರೆ. ಸ್ಟೀಮ್ ಇಂಜಿನ್‌ಗೆ ಗೇರ್ ಇಲ್ಲವಲ್ಲ, ಚಕ್ರದ ಅಳತೆಯೇ ಗೇರ್. ಡಬ್ಲ್ಯುಪಿಗೆ ಗೂಡ್ಸ್ ಕಟ್ಟುವುದೆಂದರೆ ದೊಡ್ಡ ಗೇರ್‌ನಲ್ಲೇ ಸೈಕಲ್ ತುಳಿದು ಮಣಿಪಾಲದ ಏರು ಹತ್ತಿದ ಹಾಗೆ.

ಒದ್ದೆ ಹಳಿಯಲ್ಲಿ ಹೊರಡುವುದೇ ದೊಡ್ಡ ಕೆಲಸವಂತೆ. ಗಾಡಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ಕಪ್ಲಿಂಗ್ ಸಡಿಲ ಮಾಡಬೇಕು. ಹಳಿಗೆ ಮರಳು ಬಿಡಬೇಕು. ಹಬೆ ಬಿಡುವ ರೆಗ್ಯುಲೇಟರ್ ಕೂದಲೆಳೆಯಷ್ಟು ಜಾಸ್ತಿಯಾದರೂ ಚಕ್ರ ನಿಂತಲ್ಲೇ ಗರಗರ ತಿರುಗುತ್ತದೆ. ಹಬೆ ಖಾಲಿ, ಬೆಂಕಿ ಹಾಳು. "ಮತ್ತೆ ಸಲಿಕೆ ಹಿಡಿಯುವವ ಯಾರು? ನಾನು!"

ಈಗ ಆ ಕಷ್ಟವಿಲ್ಲ. ಎಕ್ಸ್‌ಪ್ರೆಸ್ ಎಳೆಯುವ ಕರೆಂಟ್ ಇಂಜಿನ್ ಡಬ್ಲ್ಯುಎಪಿ-7 ಅಂದರೆ ಗೂಡ್ಸಿನ ಡಬ್ಲ್ಯುಎಜಿ-9ರದ್ದೇ ಗೇರ್ ಬದಲಿಸಿದ ರೂಪ.

ಮನೆಗೆ ಬಂದು ಸುಮ್ನೆ ಹುಡುಕುತ್ತಾ ಕೂತೆ. ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್ ಕಂಪನಿಯ ಜೆ ಎಂಬ ಪ್ಯಾಸೆಂಜರ್ ಸ್ಟೀಮ್ ಇಂಜಿನ್‌ಗಳ ಕತೆ ಸಿಕ್ಕಿತು. 1958ರಲ್ಲಿ ಬೇರೆ ಕಂಪನಿಗಳಿಂದ ಡೀಸೆಲ್ ಇಂಜಿನ್ ಬಾಡಿಗೆಗೆ ತಂದು ಪ್ಯಾಸೆಂಜರ್ ಗಾಡಿಗೆ ಕಟ್ಟಿದರು. ಜೆಗಳನ್ನು ಗೂಡ್ಸಿಗೆ ಹಾಕಿದರು. 1959ಕ್ಕೆ ಅದೂ ಮುಗಿಯಿತು. ಜೆಯ ಎಳೆಯುವ ಬಲ 36 ಟನ್, ಡಬ್ಲ್ಯುಪಿಯ ಎರಡೂವರೆ ಪಟ್ಟು! 14ರಲ್ಲಿ ಉಳಿದದ್ದು 611 ನಂಬರಿನದು ಮಾತ್ರ.

ಸಂಜೆ ಮಾವನಿಗೆ ಫೋನ್ ಮಾಡಿ ಹೇಳಿದೆ.

"ಕಲ್ಲಿದ್ದಲು ಕೈಯಲ್ಲಿ ಹಾಕುತ್ತಿದ್ದರಾ, ಮೆಷಿನ್ನಾ?"

"ಮೆಷಿನ್, ಮಾವ."

"ಹಾಗಾದರೆ ಬಿಡು, ಅವರಿಗೆಂಥ ಕಷ್ಟ!"