ಕೆಚಪ್ ಇಲ್ಲದ ಊರಿನಲ್ಲಿ ಒಂದು ಶನಿವಾರ

ಹಾಟ್ ಡಾಗ್ ಅಂದರೆ ಉದ್ದನೆಯ ಬನ್ನಿನೊಳಗೆ ಸಾಸೇಜ್, ಅಂದರೆ ಕೊಚ್ಚಿದ ಮಾಂಸದ ಉದ್ದನೆಯ ಕಡ್ಡಿ, ಇಟ್ಟು ಕೊಡುವ ತಿನಿಸು. ಶಿಕಾಗೊ ಹಾಟ್ ಡಾಗ್‌ನಲ್ಲಿ ಮಾಂಸಕ್ಕಿಂತ ಅದರ ಮೇಲೆ ಹಾಕುವ ತರಕಾರಿಯ ಕೆಲಸವೇ ಜಾಸ್ತಿ. ಈ ಮಾತು ಕೇಳಿದರೆ ಅಲ್ಲಿನವರು ಜಗಳಕ್ಕೇ ಬರಬಹುದು. ಆದರೆ ಅಕ್ಕನ ಮಗನ ಜೊತೆ ಒಂದು ಶನಿವಾರವಿಡೀ ಆ ಊರಿನ ಹಾಟ್ ಡಾಗ್ ಅಂಗಡಿಗಳನ್ನು ಸುತ್ತಿದ ಮೇಲೆ ನನಗೆ ಅನಿಸಿದ್ದು ಇದೇ. ನಾನು ದನದ ಮಾಂಸ ತಿನ್ನುವುದಿಲ್ಲ. ಶಿಕಾಗೊ ಸಾಸೇಜ್ ಅಂದರೆ ಪೂರ್ತಿ ದನದ ಮಾಂಸದ್ದು. ಮತ್ತೆ ಅಲ್ಲಿ ನಿನಗೇನು ಕೆಲಸ ಅಂತ ನೀವು ಕೇಳಬಹುದು. ಕೆಲಸ ಬೇಕಾದಷ್ಟಿತ್ತು. ಬನ್ನು, ಸಾಸೇಜು ಅಮೆರಿಕದ ಯಾವ ಮೂಲೆಗೆ ಹೋದರೂ ಸಿಗುತ್ತವೆ. ಅದರ ಮೇಲೆ ಏನು ಬೀಳುತ್ತೆ ಅನ್ನುವುದರಲ್ಲೇ ಊರೂರಿನ ಗುರುತು ಇರುವುದು.

ಅಳಿಯ ಹುಟ್ಟಿ ಬೆಳೆದದ್ದು ಶಿಕಾಗೊ ಪಕ್ಕದ ಊರಿನಲ್ಲೇ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಅನ್ನ ಸಾರು ಕಲಸಿ ಕೈಯಲ್ಲೇ ತಿನ್ನುತ್ತಾನೆ. ಹೊರಗೆ ಹೋದರೆ ಅಪ್ಪಟ ಶಿಕಾಗೊ ಹುಡುಗ. ಓದುತ್ತಿರುವುದು ಮಿಷಿಗನ್‌ನಲ್ಲಿ. ಆ ವಾರ ಅವನ ರೂಮ್‌ಮೇಟ್ ಕೂಡ ರಜೆಗೆ ಅಕ್ಕನ ಮನೆಗೆ ಬಂದಿದ್ದ. ಅವನು ಡೆಟ್ರಾಯಿಟ್‌ನವನು. ಬೆಳಿಗ್ಗೆ ದೋಸೆ ತಿನ್ನುವಾಗಲೇ ಇಬ್ಬರಿಗೂ ಶುರುವಾಯಿತು.

"ಮಾಮ, ಇವನ ಊರಲ್ಲಿ ಹಾಟ್ ಡಾಗ್ ಮೇಲೆ ಕೀಮಾ ಸುರೀತಾರೆ. ಕೆಳಗೆ ಸಾಸೇಜ್ ಇದೆಯೋ ಇಲ್ವೋ ಗೊತ್ತಾಗಲ್ಲ."

ರೂಮ್‌ಮೇಟ್‌ಗೆ ಕನ್ನಡ ಬಾರದಿದ್ದರೂ ವಿಷಯ ಅರ್ಥವಾಯಿತು. ನಿಮ್ಮ ಊರಿನವರು ಸಲಾಡ್ ಮಾಡಿ ಅದನ್ನು ಹಾಟ್ ಡಾಗ್ ಅಂತ ಕರೆಯುತ್ತೀರಿ ಎಂದ. "ನೀವು ಮೂರೂ ಜನ ಹೊರಗೆ ಹೋಗಿ ತೀರ್ಮಾನ ಮಾಡ್ಕೊಂಡು ಬನ್ನಿ. ಬರುವಾಗ ಡೆವಾನ್‌ನಿಂದ ಕರಿಬೇವು, ತೊಗರಿಬೇಳೆ ತನ್ನಿ" ಅಂತ ಅಕ್ಕ ಚೀಲ ಕೊಟ್ಟು ಕಳಿಸಿದಳು.

ಮೊದಲು ಹೋದದ್ದು ಮನೆ ಹತ್ತಿರದ ಒಂದು ಸಣ್ಣ ಅಂಗಡಿಗೆ. ಅಲ್ಲಿ ವೆಜ್ಜಿ ಡಾಗ್ ಸಿಗುತ್ತೆ ಅಂತ ಅಳಿಯ ಮೊದಲೇ ವಿಚಾರಿಸಿ ಇಟ್ಟಿದ್ದ. ಬೇರೆ ತವದ ಮೇಲೆ ಬಿಸಿ ಮಾಡಿ ಕೊಡುತ್ತೀರಾ ಅಂತ ಕೇಳಿದೆ. ಗಲ್ಲಾದಲ್ಲಿದ್ದ ಹೆಂಗಸು ಬೇಸರವಿಲ್ಲದೆ ಆಯಿತು ಅಂದರು. "ಎವೆರಿಥಿಂಗ್ ಅಂತ ಮಾತ್ರ ಹೇಳಿ ಮಾಮ, ಬೇರೇನೂ ಹೇಳ್ಬೇಡಿ" ಅಂತ ಅಳಿಯ ಹಿಂದಿನಿಂದ ಪಿಸುಗುಟ್ಟಿದ.

ಆಮೇಲೆ ನಾನು ನೋಡಿದ್ದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಒಳಗಿದ್ದ ಹುಡುಗ ಆವಿಯ ಪೆಟ್ಟಿಗೆಯಿಂದ ಬನ್ ತೆಗೆದ. ಬನ್ನಿನ ಬೆನ್ನ ತುಂಬ ಗಸಗಸೆ. ನಮ್ಮ ಪಾಯಸದ ಬಿಳಿ ಗಸಗಸೆಯಲ್ಲ, ನೀಲಿಗಪ್ಪು ಬಣ್ಣದ್ದು. ಒಳಗೆ ವೆಜ್ಜಿ ಡಾಗ್ ಇಟ್ಟು ಅದರ ಉದ್ದಕ್ಕೂ ಹಳದಿ ಸಾಸಿವೆ ಸಾಸ್ ಎಳೆದ. ಅದರ ಮೇಲೆ ರೆಲಿಶ್, ಅಂದರೆ ಸಣ್ಣಗೆ ಕೊಚ್ಚಿದ ಸಿಹಿ ಸೌತೆ ಉಪ್ಪಿನಕಾಯಿ. ಅದರ ಹಸಿರು ನೋಡಿದರೆ ಯಾರಿಗಾದರೂ ಆಶ್ಚರ್ಯವಾಗುತ್ತೆ. ಗಿಡದಲ್ಲಿ ಕಾಣುವ ಹಸಿರಲ್ಲ ಅದು, ನಿಯಾನ್ ದೀಪದ ಹಸಿರು. ಬಣ್ಣ ಹಾಕಿಯೇ ಹಾಗೆ ಮಾಡುತ್ತಾರೆ. ಶಿಕಾಗೊದವರಿಗೆ ಆ ಹಸಿರೇ ಬೇಕು. ಆಮೇಲೆ ಹೆಚ್ಚಿದ ಹಸಿ ಈರುಳ್ಳಿ. ಒಂದು ಪಕ್ಕದಲ್ಲಿ ಟೊಮೆಟೊ ಹೋಳು. ಇನ್ನೊಂದು ಪಕ್ಕದಲ್ಲಿ ಸಬ್ಬಸಿಗೆ ಹಾಕಿ ಉಪ್ಪುನೀರಿನಲ್ಲಿ ನೆನೆಸಿದ ಸೌತೆಕಾಯಿಯ ಉದ್ದನೆಯ ಸೀಳು. ಮೇಲೆ ಸ್ಪೋರ್ಟ್ ಪೆಪ್ಪರ್ ಅನ್ನುವ, ಕಿರುಬೆರಳಿಗಿಂತ ಚಿಕ್ಕದಾದ, ವಿನಿಗರ್‌ನಲ್ಲಿ ಹಾಕಿಟ್ಟ ಹಸಿಮೆಣಸಿನಕಾಯಿ. ಎಲ್ಲಾ ಮುಗಿದ ಮೇಲೆ ಒಂದು ಚಿಟಿಕೆ ಸೆಲರಿ ಸಾಲ್ಟ್. ಸೆಲರಿ ಬೀಜದ ಪುಡಿಯನ್ನು ಉಪ್ಪಿಗೆ ಬೆರೆಸಿದ್ದು ಅದು. ಮೂಗಿಗೆ ಅಜವಾನದ ದೂರದ ನೆಂಟನ ಹಾಗೆ ಬಡಿಯುತ್ತೆ.

ಮೊದಲ ತುತ್ತಿಗೇ ಸಿಹಿ, ಹುಳಿ, ಉಪ್ಪು, ಖಾರ ಎಲ್ಲವೂ ಒಟ್ಟಿಗೆ ಬಂತು. ಬನ್ ಮೆತ್ತಗೆ, ಸೌತೆ ಕರುಂ ಅನ್ನುತ್ತೆ. ಸಾಸಿವೆಯ ಘಾಟು ಕೊನೆಗೆ ಬರುತ್ತೆ. ವೆಜ್ಜಿ ಡಾಗ್‌ಗೆ ಅಂಥ ರುಚಿಯೇನೂ ಇರಲಿಲ್ಲ. ಸೋಯಾದ ಮೆದು ಕಡ್ಡಿ ಅಷ್ಟೇ. ಆದರೂ ಒಟ್ಟಾರೆ ತಿನಿಸು ಬಹಳ ಚೆನ್ನಾಗಿತ್ತು. ಅಳಿಯ ತನ್ನದನ್ನು ಕಚ್ಚಿದಾಗ ಟಪ್ ಅಂತ ಒಂದು ಸಣ್ಣ ಸದ್ದು ನನಗೂ ಕೇಳಿಸಿತು. ನಿಜವಾದ ಕರುಳಿನ ಪೊರೆ ಇರುವ ಸಾಸೇಜ್ ಹಾಗೆ ಒಡೆಯುತ್ತೆ, ಅದೊಂದು ನನಗೆ ತಪ್ಪಿತು ಅಂತ ಅವನು ನಿಜವಾಗಿಯೂ ಮರುಗಿದ.

ಕೆಚಪ್ ಯಾಕಿಲ್ಲ ಅಂತ ಕೇಳಿದೆ. ಅವನ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಯಿತು. "ಸಿಹಿಗೆ ರೆಲಿಶ್ ಇದೆ. ಟೊಮೆಟೊ ಬೇಕಂದ್ರೆ ಟೊಮೆಟೊನೇ ಇದೆ. ಹುಳಿಗೆ ಪಿಕಲ್ ಇದೆ. ಕೆಚಪ್ ಬಂದು ಮಾಡೋದೇನು ಮಾಮ? ಎಲ್ಲಾದರ ಮೇಲೂ ಒಂದೇ ಬಣ್ಣ ಬಳಿಯುತ್ತೆ, ಅಷ್ಟೇ." ಇದು ಬರೀ ಹಟ ಅಲ್ಲ. ಅಳತೆ ಗೊತ್ತಿದ್ದವರು ಕೂಡಿಸಿದ ರುಚಿಗೆ ಇನ್ನೊಂದು ಸಿಹಿ ಬೆರೆಸಿದರೆ ಅದು ಕೆಡುತ್ತೆ. ಅಡುಗೆ ಮಾಡುವ ಯಾರಿಗೆ ಬೇಕಾದರೂ ಈ ಮಾತು ಗೊತ್ತು.

ಅಲ್ಲಿಂದ ಊರೊಳಗೆ ಹೋದೆವು. ಮಿಷಿಗನ್ ಅವೆನ್ಯೂನಲ್ಲಿ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡ ಕಂಡಾಗ ಕಾರು ನಿಧಾನ ಮಾಡಿಸಿದೆ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಮಾತಾಡಿದ್ದು ಅಲ್ಲೇ. ಆ ವರ್ಷ ಶಿಕಾಗೊದಲ್ಲಿ ದೊಡ್ಡ ವಿಶ್ವ ಮೇಳ ನಡೆಯುತ್ತಿತ್ತು, ಸರ್ವಧರ್ಮ ಸಮ್ಮೇಳನ ಅದರ ಜೊತೆಯಲ್ಲಿ ಸೇರಿದ ಸಭೆ. ಅದೇ ಮೇಳದಲ್ಲಿ ಎಮಿಲ್ ರೈಖೆಲ್, ಸ್ಯಾಮ್ಯುಯೆಲ್ ಲಡಾನಿ ಎನ್ನುವ ಇಬ್ಬರು ವಲಸಿಗರು ದನದ ಮಾಂಸದ ಸಾಸೇಜ್ ಮಾರಿದರು. ಆಸ್ಟ್ರಿಯಾ-ಹಂಗರಿ ಕಡೆಯಿಂದ ಬಂದವರು. ಅವರು ಕಟ್ಟಿದ ವಿಯೆನ್ನಾ ಬೀಫ್ ಕಂಪನಿಯ ಹೆಸರು ಇವತ್ತಿಗೂ ಶಿಕಾಗೊದ ಹಾಟ್ ಡಾಗ್ ಅಂಗಡಿಗಳ ಬೋರ್ಡಿನ ಮೇಲೆ ಕಾಣುತ್ತೆ. ಯಹೂದಿಗಳು ಹಂದಿ ಮಾಂಸ ತಿನ್ನುವುದಿಲ್ಲ. ಅವರು ಬಹಳ ಜನ ಇದ್ದ ಊರಿನಲ್ಲಿ ಪೂರ್ತಿ ದನದ ಮಾಂಸದ ಸಾಸೇಜ್ ನೆಲೆ ನಿಂತದ್ದು ಸಹಜವೇ.

ಈ ತರಕಾರಿ ರಾಶಿ ಎಲ್ಲಿಂದ ಬಂತು ಅನ್ನುವುದಕ್ಕೆ ಮ್ಯಾಕ್ಸ್‌ವೆಲ್ ಸ್ಟ್ರೀಟ್‌ಗೆ ಹೋಗಬೇಕು. ಅದು ವಲಸೆ ಬಂದ ಯಹೂದಿಗಳು ಬೆಳೆಸಿದ ಬಯಲು ಸಂತೆ. ಹಳೇ ಬಟ್ಟೆ, ತರಕಾರಿ, ಪಾತ್ರೆ, ಎಲ್ಲಾ ತಳ್ಳುಗಾಡಿಯಲ್ಲೇ. ಆಮೇಲೆ ದಕ್ಷಿಣದಿಂದ ಬಂದ ಕಪ್ಪು ಜನ ಅಲ್ಲೇ ಬೀದಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬ್ಲೂಸ್ ನುಡಿಸಿದರು. 1929ರಲ್ಲಿ ಅಲ್ಲಿ ಫ್ಲೂಕೀಸ್ ಅನ್ನುವ ಗಾಡಿ ಶುರುವಾಯಿತು. ಆರ್ಥಿಕ ಕುಸಿತದ ದಿನಗಳಲ್ಲಿ ಒಂದು ನಿಕಲ್‌ಗೆ, ಅಂದರೆ 5 ಸೆಂಟ್‌ಗೆ, ಹಾಟ್ ಡಾಗ್ ಮೇಲೆ ತರಕಾರಿ ತುಂಬಿ ಕೊಡುತ್ತಿದ್ದರು. ಡಿಪ್ರೆಶನ್ ಸ್ಯಾಂಡ್‌ವಿಚ್ ಅಂತಲೇ ಅದರ ಹೆಸರು. ಶಿಕಾಗೊ ಶೈಲಿ ನಮ್ಮಿಂದಲೇ ಶುರು ಎನ್ನುವುದು ಆ ಅಂಗಡಿಯವರ ಮಾತು. ಹಸಿದವನಿಗೆ ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಬೇಕು, ಮಾಂಸ ತುಟ್ಟಿ, ಪಕ್ಕದ ಗಾಡಿಯಲ್ಲಿ ಈರುಳ್ಳಿ ಟೊಮೆಟೊ ಅಗ್ಗ. ಇದನ್ನು ತಿಳಿದ ಮೇಲೆ ಆ ಟೊಮೆಟೊ ಹೋಳು ನನಗೆ ಬರೀ ಅಲಂಕಾರ ಅಂತ ಅನಿಸಲೇ ಇಲ್ಲ.

ಹಳೇ ಸಂತೆಯನ್ನು 1994ರಲ್ಲಿ ವಿಶ್ವವಿದ್ಯಾಲಯದ ವಿಸ್ತರಣೆಗೆ ಅಂತ ಎತ್ತಿಸಿದರು. ನನಗೆ ಬಹಳ ಬೇಸರ ಅನಿಸಿದ್ದು ಇಲ್ಲೇ. ಆದರೆ 1939ರಷ್ಟು ಹಳೆಯ ಜಿಮ್ಸ್ ಒರಿಜಿನಲ್ ಸ್ವಲ್ಪ ಆಚೆಗೆ ಜಾಗ ಬದಲಿಸಿಕೊಂಡು ಉಳಿದಿದೆ. ಕಾರಿನ ಬಾಗಿಲು ತೆಗೆಯುವ ಮೊದಲೇ ಈರುಳ್ಳಿ ಹುರಿಯುವ ವಾಸನೆ ಬಂತು. ಅಲ್ಲಿನ ಹೆಸರುವಾಸಿ ತಿಂಡಿ ಹಾಟ್ ಡಾಗ್ ಅಲ್ಲ, ಮ್ಯಾಕ್ಸ್‌ವೆಲ್ ಸ್ಟ್ರೀಟ್ ಪೋಲಿಷ್. ದಪ್ಪ ಪೋಲಿಷ್ ಸಾಸೇಜ್, ಕಂದು ಬಣ್ಣಕ್ಕೆ ತಿರುಗಿದ ಈರುಳ್ಳಿಯ ರಾಶಿ, ಸಾಸಿವೆ, ಬೇಕಾದರೆ ಸ್ಪೋರ್ಟ್ ಪೆಪ್ಪರ್. ಅಷ್ಟೇ. ಟೊಮೆಟೊ ಇಲ್ಲ, ಪಿಕಲ್ ಇಲ್ಲ. ಒಂದೇ ಊರಿನ ಒಳಗೇ ಎರಡು ಪದ್ಧತಿ. ಹುಡುಗರಿಬ್ಬರೂ ಕಾರಿನ ಬಾನೆಟ್ ಮೇಲೆ ಕಾಗದ ಹರಡಿಕೊಂಡು ನಿಂತೇ ತಿಂದರು. ಅಲ್ಲಿ ನಾನು ಬರೀ ಆ ವಾಸನೆ ಕುಡಿದೆ, ಬೇಜಾರೇನೂ ಆಗಲಿಲ್ಲ.

ಡೆವಾನ್ ಅವೆನ್ಯೂ ಶಿಕಾಗೊದ ಭಾರತೀಯರಿಗೆಲ್ಲ ಗೊತ್ತು. ಸೀರೆ, ಬಂಗಾರ, ಬೇಳೆ ಕಾಳು, ಕರಿಬೇವು ಎಲ್ಲಾ ಅಲ್ಲಿ ಸಿಗುತ್ತೆ. ಅಕ್ಕನ ಚೀಲ ತುಂಬಿಸಿಕೊಂಡು ಅದೇ ಡೆವಾನ್ ಹಿಡಿದು ಪಶ್ಚಿಮಕ್ಕೆ ಹೋದೆವು. ಅದು ಮಿಲ್ವಾಕಿ ಅವೆನ್ಯೂ ಸೇರುವ ಕಡೆ ಸೂಪರ್‌ಡಾಗ್ ಇದೆ. 1948ರಲ್ಲಿ ಮಾರಿ ಬರ್ಮನ್, ಫ್ಲಾರಿ ಬರ್ಮನ್ ಎಂಬ ಗಂಡ ಹೆಂಡತಿ ಶುರು ಮಾಡಿದ್ದು. ಸೂರಿನ ಮೇಲೆ ಗಂಡು ಹೆಣ್ಣು ಹಾಟ್ ಡಾಗ್‌ನ ಎರಡು ದೊಡ್ಡ ಗೊಂಬೆಗಳು. ಅವುಗಳ ಕಣ್ಣು ಮಿಣುಕುತ್ತವೆ. ಕಾರಿನಲ್ಲೇ ಕೂತು ಆರ್ಡರ್ ಕೊಟ್ಟರೆ ತಟ್ಟೆ ತಂದು ಕಿಟಕಿಗೆ ಸಿಕ್ಕಿಸುತ್ತಾರೆ. ಇಲ್ಲಿ ಕೆಂಪು ಟೊಮೆಟೊ ಬದಲು ಉಪ್ಪಿನಕಾಯಿ ಹಾಕಿದ ಹಸಿರು ಟೊಮೆಟೊ. ಪೆಟ್ಟಿಗೆಯಲ್ಲಿ ಹಾಟ್ ಡಾಗ್ ಸುತ್ತ ಆಲೂಗಡ್ಡೆ ಫ್ರೈಸ್ ತುಂಬಿರುತ್ತೆ. ಆ ಹಸಿರು ಟೊಮೆಟೊ ಅಳಿಯ ನನಗೆ ಕೊಟ್ಟ. ಒಳ್ಳೆ ಹುಳಿ, ಗಟ್ಟಿ ಹೋಳು. ಆ ದಿನ ತಿಂದ ಎಲ್ಲದರಲ್ಲೂ ನನಗೆ ತುಂಬಾ ಹಿಡಿಸಿದ್ದು ಅದೇ.

ಈ ಹೊತ್ತಿಗೆ ಡೆಟ್ರಾಯಿಟ್ ಹುಡುಗನಿಗೂ ಮಾತು ಬಂತು. ಅವನ ಊರಿನ ಕಥೆ ಕಡಿಮೆಯದೇನಲ್ಲ. ಗ್ರೀಸ್‌ನಿಂದ ಬಂದ ಗಸ್ ಕೆರೋಸ್ 1917ರಲ್ಲಿ ಅಮೆರಿಕನ್ ಕೋನಿ ಐಲ್ಯಾಂಡ್ ಅನ್ನುವ ಹಾಟ್ ಡಾಗ್ ಅಂಗಡಿ ತೆರೆದ. ಪಕ್ಕದ ಬಾಗಿಲಿನಲ್ಲೇ ಲಫಾಯೆಟ್ ಕೋನಿ ಐಲ್ಯಾಂಡ್, ಅದನ್ನು ಶುರು ಮಾಡಿದ್ದು ಅವನ ತಮ್ಮ. ಎರಡೂ ಒಂದೇ ಗೋಡೆಗೆ ಅಂಟಿಕೊಂಡಿವೆ. ಡೆಟ್ರಾಯಿಟ್‌ನಲ್ಲಿ ಒಂದೊಂದು ಮನೆಯವರು ಒಂದೊಂದು ಅಂಗಡಿಯ ಕಡೆ. ಇವನ ಮನೆಯವರು ಲಫಾಯೆಟ್ ಪಕ್ಷ. ಸಾಸೇಜ್ ಮೇಲೆ ಕಾಳಿಲ್ಲದ ತೆಳು ಕೀಮಾ ಸಾಸ್, ಸಾಸಿವೆ, ಕೊಚ್ಚಿದ ಈರುಳ್ಳಿ. ಹತ್ತಿರದ ಫ್ಲಿಂಟ್ ಊರಿಗೆ ಹೋದರೆ ಅದೇ ಕೀಮಾ ಒಣಗಿ ಪುಡಿ ಪುಡಿಯಾಗಿರುತ್ತೆ. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರಿಗೆ ಬೇಗ, ಬಿಸಿಯಾಗಿ, ಹೊಟ್ಟೆ ತುಂಬ ಬೇಕಿತ್ತು, ನಮ್ಮ ತಾತನೂ ಹಾಗೆ ತಿಂದವರೇ ಎಂದ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು. ಅಳಿಯ ಕೂಡ ಎದುರು ಮಾತಾಡದೆ ಕೇಳಿದ.

ಆಮೇಲೆ ಇಬ್ಬರೂ ಸೇರಿ ನನಗೆ ಉಳಿದ ಊರುಗಳನ್ನು ಹೇಳಿಕೊಟ್ಟರು. ನ್ಯೂಯಾರ್ಕ್‌ನ ತಳ್ಳುಗಾಡಿಯಲ್ಲಿ ಹುಳಿ ಬಂದ ಎಲೆಕೋಸು, ಟೊಮೆಟೊದಲ್ಲಿ ಬೇಯಿಸಿದ ಈರುಳ್ಳಿ. ಸಿಯಾಟಲ್‌ನಲ್ಲಿ ಕ್ರೀಮ್ ಚೀಸ್. ವೆಸ್ಟ್ ವರ್ಜಿನಿಯಾದಲ್ಲಿ ಕೀಮಾ ಮೇಲೆ ಎಲೆಕೋಸಿನ ಕೋಸಂಬರಿ ಥರದ್ದು. ಅರಿಜೋನಾದ ಟೂಸಾನ್‌ನಲ್ಲಿ ಬೇಕನ್ ಸುತ್ತಿದ ಸಾಸೇಜ್, ಮೆಕ್ಸಿಕೊದ ಮೆತ್ತನೆ ಬ್ರೆಡ್, ಬೇಯಿಸಿದ ಕಾಳು, ಮೇಯೊನೇಸ್, ಖಾರದ ಸಾಸ್. ಅದು ಗಡಿಯಾಚೆಯ ಸೊನೋರಾದಿಂದ ಬಂದದ್ದು. ಅಲ್ಲಿನ ಎಲ್ ಗ್ವೆರೋ ಕನೆಲೋ ಅಂಗಡಿಗೆ 2018ರಲ್ಲಿ ಅಮೆರಿಕದ ಅಡುಗೆ ಲೋಕದ ದೊಡ್ಡ ಗೌರವವಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿಯೇ ಬಂದಿದೆ. ಕೇಳುತ್ತಾ ಹೋದರೆ ಯಾವ ಊರಿಗೆ ಯಾರು ಬಂದು ನೆಲೆಸಿದರು ಅನ್ನುವುದು ಬನ್ನಿನ ಮೇಲೇ ಬರೆದಿರುತ್ತೆ.

ಸಂಜೆ ಕೊನೆಗೆ ಹೋದದ್ದು ರಿವರ್ ಗ್ರೋವ್‌ನ ಜೀನ್ ಆಂಡ್ ಜೂಡ್ಸ್. 1946ರ ಅಂಗಡಿ. ಕೂರಲು ಕುರ್ಚಿ ಇಲ್ಲ, ಕಿಟಕಿ ಪಕ್ಕದ ಕಟ್ಟೆಗೆ ಒರಗಿ ನಿಂತೇ ತಿನ್ನಬೇಕು. ಕೆಚಪ್ ಅಂಗಡಿಯಲ್ಲೇ ಇಡುವುದಿಲ್ಲ, ಫ್ರೈಸ್‌ಗೂ ಇಲ್ಲ. ಸಾಲಿನಲ್ಲಿ ಪೇಂಟಿನ ಕಲೆಯ ಬಟ್ಟೆಯವರು, ಫುಟ್‌ಬಾಲ್ ಆಡಿ ಬಂದ ಮಕ್ಕಳು, ಮದುವೆ ಮನೆಯಿಂದ ಬಂದಂತೆ ಕೋಟು ಹಾಕಿದವರು, ಎಲ್ಲಾ ಒಟ್ಟಿಗೆ. ಒಬ್ಬ ಕೆಲಸಗಾರ ಗೋಡೆಯ ಬಳಿ ಆಲೂಗಡ್ಡೆಯನ್ನು ಒತ್ತುವ ಯಂತ್ರಕ್ಕಿಟ್ಟು ಹಿಡಿ ಎಳೆಯುತ್ತಲೇ ಇದ್ದ. ಧಡ್ ಧಡ್ ಅಂತ ಹೋಳು ಬೀಳುತ್ತೆ, ನೇರ ಎಣ್ಣೆಗೆ ಹೋಗುತ್ತೆ. ಇಲ್ಲಿ ಟೊಮೆಟೊ, ಪಿಕಲ್ ಯಾವುದೂ ಇಲ್ಲ. ಸಾಸಿವೆ, ರೆಲಿಶ್, ಈರುಳ್ಳಿ, ಸ್ಪೋರ್ಟ್ ಪೆಪ್ಪರ್, ಅದರ ಮೇಲೆ ಒಂದು ಹಿಡಿ ಬಿಸಿ ಫ್ರೈಸ್. ಎಲ್ಲಾ ಸೇರಿಸಿ ಒಂದೇ ಕಾಗದದಲ್ಲಿ ಸುತ್ತಿಬಿಡುತ್ತಾರೆ. ಮ್ಯಾಕ್ಸ್‌ವೆಲ್ ಸ್ಟ್ರೀಟ್‌ನ ಆ ನಿಕಲ್ ಊಟಕ್ಕೆ ಇದೇ ಹತ್ತಿರದ್ದು ಅಂತ ಹೇಳುವವರು ಬಹಳ ಜನ. ಎಣ್ಣೆ ಯಾವುದು ಅಂತ ವಿಚಾರಿಸಿಕೊಂಡು ನಾನು ಫ್ರೈಸ್ ತಿಂದೆ. ಡೆಟ್ರಾಯಿಟ್ ಹುಡುಗ ತನ್ನ ಪೊಟ್ಟಣ ಬಿಚ್ಚಿ ಒಂದು ತುತ್ತು ತಿಂದು ಮಾತಾಡಲಿಲ್ಲ. ಆಮೇಲೆ ಹೋಗಿ ಇನ್ನೊಂದು ತಂದ. ಅಳಿಯನಿಗೆ ಅಷ್ಟು ಸಾಕಾಯಿತು.

ನೀವು ಆ ಕಡೆ ಹೋದರೆ ಒಂದೆರಡು ಮಾತು ನೆನಪಿರಲಿ. ದನದ ಮಾಂಸ ತಿನ್ನದವರು ವೆಜ್ಜಿ ಡಾಗ್ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೋಗಿ, ಹೆಸರಾದ ಹಳೇ ಅಂಗಡಿಗಳಲ್ಲಿ ಎಲ್ಲಾ ಕಡೆ ಇರುವುದಿಲ್ಲ. ಇಲ್ಲದಿದ್ದರೆ ಬರೀ ಬನ್ನಿಗೆ ಎಲ್ಲಾ ಹಾಕಿಕೊಡಿ ಅನ್ನಿ, ಅದೂ ರುಚಿಯೇ. ಮನೆಗೆ ಕಟ್ಟಿಸಿಕೊಂಡು ಹೋಗಬೇಡಿ. ಟೊಮೆಟೊ ನೀರು ಬಿಟ್ಟು ಬನ್ ಒದ್ದೆಯಾಗುತ್ತೆ, ಅಲ್ಲೇ ನಿಂತು ತಿನ್ನಿ. ಡೆಟ್ರಾಯಿಟ್ ಹುಡುಗ ನಮ್ಮನ್ನೆಲ್ಲ ಅವನ ಊರಿಗೆ ಕರೆದಿದ್ದಾನೆ. ಲಫಾಯೆಟ್‌ನಲ್ಲಿ ನನಗೆ ತಿನ್ನಲು ಏನು ಸಿಗುತ್ತೆ ಅಂತ ಅವನ ಅಮ್ಮನನ್ನು ಕೇಳಿ ಹೇಳುತ್ತಾನಂತೆ.