ಯುದ್ಧದ ಮಧ್ಯೆ ಶಾಲೆಗೆ ಯಾಕೆ ದುಡ್ಡು?

ಯುದ್ಧ ನಡೆಯುವ ದೇಶಗಳ ಮಕ್ಕಳ ಓದಿನ ಬಗ್ಗೆ ಮಾತೆತ್ತಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಲ್ಲಿ ಕುಡಿಯೋಕೆ ನೀರಿಲ್ಲ, ಹೊಟ್ಟೆಗೆ ಹಿಟ್ಟಿಲ್ಲ. ಅಂಥ ಕಡೆ ಶಾಲೆಗೆ ಅಂತ ದುಡ್ಡು ಕಳಿಸೋದು ಯಾಕೆ? ಮೊದಲು ಯುದ್ಧ ನಿಲ್ಲಲಿ, ಆಮೇಲೆ ಓದಿದರಾಯಿತು." ಕೇಳುವವರ ಕಾಳಜಿ ನಿಜವಾದದ್ದೇ. ಹಸಿದ ಮಗುವಿಗೆ ಮೊದಲು ಊಟ ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಆದರೆ ಯುದ್ಧ ಅಷ್ಟು ಬೇಗ ನಿಲ್ಲುವುದಿಲ್ಲ. ಸಿರಿಯಾವನ್ನೇ ನೋಡಿ. 2011ರಲ್ಲಿ ಶುರುವಾಯಿತು. ಅಲ್ಲಿ ಆಳುತ್ತಿದ್ದ ಅಸಾದ್ ಸರ್ಕಾರ ಬಿದ್ದದ್ದು 2024ರ ಡಿಸೆಂಬರ್‌ನಲ್ಲಿ. ಶುರುವಿನಲ್ಲಿ ಆರು ವರ್ಷದವಳಾಗಿದ್ದ ಹುಡುಗಿಗೆ ಅಷ್ಟು ಹೊತ್ತಿಗೆ ಹತ್ತೊಂಬತ್ತು. ಅವಳನ್ನು ಕರೆದು ಒಂದನೇ ಕ್ಲಾಸಿನಲ್ಲಿ ಕೂರಿಸೋಕಾಗುತ್ತಾ?

ಊಟ ಬೇಕೋ ಶಾಲೆ ಬೇಕೋ ಅಂತ ಆರಿಸುವ ಪರಿಸ್ಥಿತಿಯೂ ಇದಲ್ಲ. ಶಾಲೆ ನಡೆಯುತ್ತಿದ್ದರೆ ಮಕ್ಕಳು ದಿನಾ ಒಂದೇ ಕಡೆ ಸಿಗುತ್ತಾರೆ. ಊಟ ಹಾಕುವುದು, ಲಸಿಕೆ ಕೊಡುವುದು, ಸಿಡಿಯದೆ ಬಿದ್ದಿರುವ ಬಾಂಬನ್ನು ಮುಟ್ಟಬೇಡಿ ಅಂತ ಹೇಳಿಕೊಡುವುದು ಎಲ್ಲಾ ಸುಲಭ. ಶಾಲೆ ಇಲ್ಲದಿದ್ದರೆ ಎಷ್ಟೋ ಹುಡುಗರು ಕೂಲಿಗೆ ಹೋಗುತ್ತಾರೆ, ಇಲ್ಲಾ ಬಂದೂಕು ಹಿಡಿದವರ ಕೈಗೆ ಸಿಗುತ್ತಾರೆ. ಹುಡುಗಿಯರಿಗೆ ಚಿಕ್ಕ ವಯಸ್ಸಿಗೇ ಮದುವೆ ಮಾಡಿಬಿಡುತ್ತಾರೆ.

ಹಾಗಂತ ಶಾಲೆಗೆ ಹರಿದು ಬರುವ ದುಡ್ಡು ಜಾಸ್ತಿ ಅಂದುಕೊಳ್ಳಬೇಡಿ. ಜಗತ್ತಿನ ಮಾನವೀಯ ನೆರವಿನಲ್ಲಿ ಶಿಕ್ಷಣದ ಪಾಲು ಎಷ್ಟೋ ವರ್ಷಗಳಿಂದ ನೂರಕ್ಕೆ ಎರಡು ಮೂರರ ಆಸುಪಾಸಿನಲ್ಲೇ ಇದೆ. ಇದನ್ನು ಸರಿಪಡಿಸಬೇಕು ಅಂತಲೇ 2016ರಲ್ಲಿ ಇಸ್ತಾಂಬುಲ್‌ನಲ್ಲಿ 'ಎಜುಕೇಶನ್ ಕೆನಾಟ್ ವೇಟ್' ಅನ್ನುವ ನಿಧಿ ಶುರುವಾಯಿತು.

ಇಂಥ ನೆರವಿನ ದುಡ್ಡಿನಲ್ಲಿ ಏನು ಮಾಡುತ್ತಾರೆ? ನನಗೆ ತುಂಬಾ ಇಷ್ಟವಾದ ಒಂದು ವಸ್ತುವಿನ ಬಗ್ಗೆ ಹೇಳುತ್ತೇನೆ. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ನವರ 'ಸ್ಕೂಲ್ ಇನ್ ಎ ಬಾಕ್ಸ್'. 1994ರಲ್ಲಿ ರುವಾಂಡಾದ ನರಮೇಧದ ನಂತರ ಇದು ಬಳಕೆಗೆ ಬಂತು. ಒಂದು ಅಲ್ಯೂಮಿನಿಯಂ ಪೆಟ್ಟಿಗೆ, ಅದರೊಳಗೆ ಒಬ್ಬ ಶಿಕ್ಷಕರು ಮತ್ತು ನಲವತ್ತು ಮಕ್ಕಳಿಗೆ ಸಾಕಾಗುವ ಸಾಮಾನು. ಸೀಮೆಸುಣ್ಣ, ಪೆನ್ಸಿಲ್, ರಬ್ಬರ್, ಕತ್ತರಿ, ಗಂಟೆ ನೋಡುವುದನ್ನು ಕಲಿಸೋಕೆ ಒಂದು ಮರದ ಗಡಿಯಾರ. ಪೆಟ್ಟಿಗೆಯ ಮುಚ್ಚಳಕ್ಕೆ ಬಣ್ಣ ಬಳಿದರೆ ಅದೇ ಕಪ್ಪು ಹಲಗೆ. ನೋಟ್‌ಬುಕ್ಕಿನಲ್ಲಿ ಮಾರ್ಜಿನ್ ಗೆರೆ ಇರುವುದಿಲ್ಲ. ಅರಬ್ಬಿ ಬರೆಯುವ ಮಗು ಬಲದಿಂದ ಶುರು ಮಾಡಬಹುದು, ಫ್ರೆಂಚ್ ಬರೆಯುವ ಮಗು ಎಡದಿಂದ. ಇಷ್ಟು ಸಣ್ಣ ವಿಷಯವನ್ನೂ ಯಾರೋ ಕೂತು ಯೋಚಿಸಿದ್ದಾರಲ್ಲ, ಅದು ನನಗೆ ದೊಡ್ಡದು ಅನಿಸುತ್ತದೆ.

ಆದರೆ ಪೆಟ್ಟಿಗೆ ತಾನಾಗಿ ಪಾಠ ಮಾಡುವುದಿಲ್ಲ, ಅಲ್ವಾ? ನೆರವಿನ ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಶಿಕ್ಷಕರ ಸಂಬಳವನ್ನು. ಯೆಮೆನ್‌ನಲ್ಲಿ 2016ರ ಕೊನೆಯ ಹೊತ್ತಿಗೆ ಸರ್ಕಾರಿ ಸಂಬಳ ನಿಂತುಹೋಯಿತು. ದೇಶದ ಬಹುಪಾಲು ಮೇಷ್ಟ್ರುಗಳು ತಿಂಗಳುಗಟ್ಟಲೆ ಬರಿಗೈಯಲ್ಲಿ ಪಾಠ ಮಾಡಿದರು. ಮನೆ ನಡೆಯಬೇಕಲ್ಲ, ಎಷ್ಟೋ ಜನ ಬೇರೆ ಕೆಲಸ ಹುಡುಕಿಕೊಂಡರು. 2019ರಲ್ಲಿ ಯುನಿಸೆಫ್ ಒಂದು ಲಕ್ಷಕ್ಕೂ ಜಾಸ್ತಿ ಶಿಕ್ಷಕರು ಮತ್ತು ಸಿಬ್ಬಂದಿಗೆ ತಿಂಗಳಿಗೆ 50 ಡಾಲರ್‌ನಷ್ಟು ಕೊಡಲು ಶುರುಮಾಡಿತು. ಸಂಬಳ ಅನ್ನುವಂಥ ಮೊತ್ತವೇನಲ್ಲ, ಶಾಲೆಗೆ ಬಂದುಹೋಗುವ ಖರ್ಚಿಗಾದರೂ ಆಗಲಿ ಅಂತ. ಹೊಸ ಕಟ್ಟಡಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ, ಗೋಡೆ ಮೇಲೆ ಹೆಸರು ಬರೆಸಬಹುದು. ಸಂಬಳಕ್ಕೆ ಕೊಡುವವರು ಸಿಗುವುದು ಕಷ್ಟ. ನನ್ನ ದೊಡ್ಡ ಬೇಸರ ಇದೇ.

ಇನ್ನೊಂದು, ಪರೀಕ್ಷೆ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಹತ್ತಿಕೊಂಡಿತು. ಹೈಸ್ಕೂಲಿನ ಕೊನೆಯ ಪರೀಕ್ಷೆ ಮತ್ತೆ ನಡೆದದ್ದು 2024ರ ಡಿಸೆಂಬರ್ ಕೊನೆಗೆ. ಅದೂ ಎಲ್ಲ ಕಡೆ ನಡೆಯಲಿಲ್ಲ. ಸರ್ಟಿಫಿಕೇಟ್ ಇಲ್ಲದೆ ಕಾಲೇಜಿನ ಬಾಗಿಲು ತೆರೆಯುವುದಿಲ್ಲ. ಭಾಷೆಯದೂ ಒಂದು ತೊಡಕು. ಪಕ್ಕದ ದೇಶ ಲೆಬನಾನ್, ಯುದ್ಧದಿಂದ ಓಡಿಬಂದ ಸಿರಿಯಾದ ಮಕ್ಕಳಿಗಾಗಿ ತನ್ನ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಪಾಳಿ ನಡೆಸಿತು, ಖರ್ಚು ಹೊರದೇಶಗಳದ್ದು. ದೊಡ್ಡ ಕೆಲಸವೇ ಅದು. ಆದರೆ ಅಲ್ಲಿ ಗಣಿತ, ವಿಜ್ಞಾನ ಕಲಿಸುವುದು ಫ್ರೆಂಚ್ ಇಲ್ಲವೇ ಇಂಗ್ಲಿಷಿನಲ್ಲಿ. ಅರಬ್ಬಿಯಲ್ಲಿ ಓದಿಕೊಂಡು ಬಂದ ಮಕ್ಕಳು ಅಲ್ಲೇ ಎಡವಿದರು.

ದುಡ್ಡಿನಿಂದ ಆಗದ ಕೆಲಸವೂ ಇದೆ. ಅಫ್ಘಾನಿಸ್ತಾನದಲ್ಲಿ 2021ರಿಂದ ಆರನೇ ಕ್ಲಾಸಿನ ಮೇಲೆ ಹುಡುಗಿಯರನ್ನು ಶಾಲೆಗೆ ಬಿಡುತ್ತಿಲ್ಲ. ಅದು ಆಳುವವರ ನಿರ್ಧಾರ, ಎಷ್ಟು ನೋಟ್‌ಬುಕ್ ಕಳಿಸಿದರೂ ಬದಲಾಗುವುದಿಲ್ಲ. ಶಾಲೆಗಳನ್ನು ದಾಳಿಯಿಂದ ಕಾಪಾಡುತ್ತೇವೆ ಅಂತ 2015ರಲ್ಲಿ ಓಸ್ಲೋದಲ್ಲಿ ಒಂದು ಘೋಷಣೆ ಹೊರಟಿತು. ನೂರಕ್ಕೂ ಜಾಸ್ತಿ ದೇಶಗಳು ಒಪ್ಪಿಕೊಂಡಿವೆ. ಆದರೂ ಉಕ್ರೇನಿನ ಖಾರ್ಕಿವ್‌ನಲ್ಲಿ ಮಕ್ಕಳು 2023ರಿಂದ ಮೆಟ್ರೋ ನಿಲ್ದಾಣದೊಳಗೆ, ನೆಲದಡಿಯಲ್ಲಿ ಕೂತು ಓದಬೇಕಾಯಿತು.

"ಸರಿ, ನಾನು ಕೊಡೋದಾದರೆ ಎಲ್ಲಿಗೆ ಕೊಡಲಿ?" ಅಂತಲೂ ಕೇಳುತ್ತಾರೆ. ನಾನು ಸಂಸ್ಥೆಯ ಹೆಸರು ಹೇಳುವುದಿಲ್ಲ. ಕೊಡುವ ಮುಂಚೆ ಅವರನ್ನೇ ಕೇಳಿ. ಶಿಕ್ಷಕರಿಗೆ ಎಷ್ಟು ಕೊಡುತ್ತೀರಿ? ಒಂದು ವರ್ಷದ ಯೋಜನೆಯೋ, ನಾಲ್ಕೈದು ವರ್ಷದ್ದೋ? ಮಕ್ಕಳು ಬರೆಯುವ ಪರೀಕ್ಷೆಯನ್ನು ಯಾವ ಸರ್ಕಾರ ಒಪ್ಪುತ್ತದೆ? ಈ ಮೂರಕ್ಕೂ ನೇರವಾಗಿ ಉತ್ತರ ಕೊಡುವವರಿಗೆ ಧೈರ್ಯವಾಗಿ ಕೊಡಿ.