ಕೈಯಿಂದ ಹಾಕುವ ದುಡ್ಡು

ಮಾರ್ಚ್ 8, 2025, ಶನಿವಾರ

ನಿನ್ನೆ ಸಿದ್ದರಾಮಯ್ಯ ಬಜೆಟ್ ಓದಿದರು. ಅಂಗನವಾಡಿ ಕಾರ್ಯಕರ್ತೆಯರಿಗೆ ತಿಂಗಳಿಗೆ 1,000, ಸಹಾಯಕಿಯರಿಗೆ 750 ಜಾಸ್ತಿ. ನಮ್ಮ ಅತ್ತಿಗೆ ಊರಲ್ಲಿ ಅಂಗನವಾಡಿ ಟೀಚರ್. ಇವತ್ತು ಮಹಿಳಾ ದಿನ ಬೇರೆ, ಎರಡಕ್ಕೂ ಸೇರಿಸಿ ಶುಭಾಶಯ ಹೇಳೋಣ ಅಂತ ಫೋನ್ ಮಾಡಿದೆ. "ಆದೇಶ ಬರ್ಲಿ ತಡಿಯಪ್ಪಾ" ಅಂದರು, ಅಷ್ಟೇ.

ಅವರಿಗೆ ಖುಷಿ ಇಲ್ಲ ಅಂತಲ್ಲ. ಆದರೆ ಘೋಷಣೆಗಳನ್ನು ಅವರು ಬಹಳ ನೋಡಿದ್ದಾರೆ.

ಕೇಂದ್ರ ಸರ್ಕಾರ ಗೊತ್ತುಮಾಡಿದ ಗೌರವಧನ ತಿಂಗಳಿಗೆ 4,500. ಅದರಲ್ಲೂ ನೂರಕ್ಕೆ 60 ಪಾಲು ಮಾತ್ರ ಕೇಂದ್ರದ್ದು, ಉಳಿದದ್ದು ರಾಜ್ಯದ್ದು. ಇದು 2018ರ ಅಕ್ಟೋಬರ್‌ನಲ್ಲಿ ಆದದ್ದು, ಇವತ್ತಿಗೂ ಅಷ್ಟೇ ಇದೆ. ಮಿಕ್ಕದ್ದನ್ನೆಲ್ಲ ರಾಜ್ಯ ಸೇರಿಸಿ ಕೊಡುತ್ತಿದೆ. ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ, ಇದು 2017ರ ಲೆಕ್ಕ. ಈ ಸಲದ ಕೇಂದ್ರ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಅದನ್ನು ಹೆಚ್ಚಿಸುತ್ತೇವೆ ಅಂದರು. ಎಷ್ಟು, ಯಾವಾಗ ಅನ್ನೋದು ಭಾಷಣದಲ್ಲಿ ಇರಲಿಲ್ಲ. ಅಂಗನವಾಡಿ, ಪೋಷಣೆಯ ಕೇಂದ್ರ ಯೋಜನೆಗೆ ಇಟ್ಟ ಹಣ 21,200 ಕೋಟಿಯಿಂದ 21,960 ಕೋಟಿ ಆಗಿದೆ. ಕಾಗದದ ಮೇಲೆ ಏರಿಕೆ, ಕಿರಾಣಿ ಅಂಗಡಿಗೆ ಹೋದರೆ ಇಳಿಕೆ.

ನಿಜವಾದ ಕತ್ತರಿ ಬಿದ್ದದ್ದು 2015ರಲ್ಲಿ. ಹಿಂದಿನ ವರ್ಷ 18 ಸಾವಿರ ಕೋಟಿ ದಾಟಿದ್ದ ಐಸಿಡಿಎಸ್ (ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಹಣ ಬಜೆಟ್‌ನಲ್ಲಿ ಸುಮಾರು 8,300 ಕೋಟಿಗೆ ಇಳಿಯಿತು. 14ನೇ ಹಣಕಾಸು ಆಯೋಗ ರಾಜ್ಯಗಳ ತೆರಿಗೆ ಪಾಲನ್ನು ಶೇ 32ರಿಂದ 42ಕ್ಕೆ ಏರಿಸಿದೆ, ಇನ್ನು ರಾಜ್ಯಗಳೇ ನೋಡಿಕೊಳ್ಳಲಿ ಅನ್ನೋದು ಕೇಂದ್ರದ ವಾದ. ವಾದವೇನೋ ಸರಿಯೇ, ಆದರೆ ಆ ದುಡ್ಡನ್ನು ಅಂಗನವಾಡಿಗೇ ಹಾಕಬೇಕು ಅಂತ ಯಾರ ಕಟ್ಟಳೆಯೂ ಇರಲಿಲ್ಲ ಅಲ್ವಾ? ಆಗ ಕೇಂದ್ರದಲ್ಲಿ ಮಹಿಳಾ ಮತ್ತು ಮಕ್ಕಳ ಖಾತೆ ನೋಡಿಕೊಳ್ಳುತ್ತಿದ್ದ ಮೇನಕಾ ಗಾಂಧಿಯವರೇ ಹೀಗಾದರೆ ಜನವರಿ ದಾಟಿ ಸಂಬಳ ಕೊಡೋದು ಕಷ್ಟ ಅಂದಿದ್ದರು. ಆಮೇಲೆ ಒಂದಷ್ಟು ವಾಪಸ್ ಬಂತು, ಬಿಡಿ.

ಮೇಲೆ ಕಡಿಮೆಯಾದದ್ದು ಕೆಳಗೆ ಬರುವಷ್ಟರಲ್ಲಿ ತಡವಾಗಿ ಬರೋ ದುಡ್ಡಾಗಿರುತ್ತದೆ. ಹೋದ ಸಲ ಊರಿಗೆ ಹೋದಾಗ ಅಂಗಡಿಯವನ ಸಾಲದ ಪುಸ್ತಕ ನೋಡಿದೆ. ಅಣ್ಣನ ಬೀಡಿ, ಮನೆಯ ಸಕ್ಕರೆ, ಮಕ್ಕಳ ಮೊಟ್ಟೆ, ಎಲ್ಲ ಒಂದೇ ಪುಟದಲ್ಲಿ, ಅತ್ತಿಗೆ ಹೆಸರಲ್ಲಿ. ಮೊಟ್ಟೆ ಕೊಡಲೇಬೇಕು, ಕೊಟ್ಟದ್ದನ್ನು ಬರೆಯಲೇಬೇಕು. ಅಂಗನವಾಡಿ ನೋಡಿಕೊಳ್ಳುವ ಊರಿನವರ ಬಾಲವಿಕಾಸ ಸಮಿತಿ ಖಾತೆಗೆ ದುಡ್ಡು ಬೀಳುವವರೆಗೆ ಸಾಲ, ದರ ಏರಿದರೆ ಆ ವ್ಯತ್ಯಾಸ ಅವರ ಕೈಯಿಂದ. ಸಿಲಿಂಡರ್ ಖಾಲಿಯಾದರೂ ಹಾಗೆಯೇ. ಒಂದು ದಿನ ನಿಲ್ಲಿಸಿಬಿಡಿ, ಗೊತ್ತಾಗಲಿ ಅಂದೆ. "ಯಾರಿಗ್ ಗೊತ್ತಾಗ್ಬೇಕು? ಎದುರಿಗ್ ಕೂತಿರೋ ಮಗೂಗಾ?" ಅಂದರು. ಉತ್ತರ ಹೊಳೆಯಲಿಲ್ಲ. ಇದೇ ಇಡೀ ವ್ಯವಸ್ಥೆಯ ಗುಟ್ಟು ಅನ್ನಿಸುತ್ತದೆ ನನಗೆ. ಅವರು ನಿಲ್ಲಿಸೋದಿಲ್ಲ ಅಂತ ಎಲ್ಲರಿಗೂ ಗೊತ್ತು.

ಅಣ್ಣ ಮಾತ್ರ, "ಸರ್ಕಾರಕ್ಕೇ ನಾವು ಬಡ್ಡಿ ಇಲ್ದೆ ಸಾಲ ಕೊಡ್ತಿದೀವಿ" ಅಂತ ರೇಗುತ್ತಾನೆ.

ಕೆಲಸವೇನಾದರೂ ಕಡಿಮೆಯಾಗಿದೆಯೇ? 2021ರಲ್ಲಿ ಪೋಷಣ್ ಟ್ರ್ಯಾಕರ್ ಅನ್ನೋ ಕೇಂದ್ರದ ಆ್ಯಪ್ ಬಂತು. ತೂಕ, ಎತ್ತರ, ಹಾಜರಿ ಎಲ್ಲ ಫೋನಿನಲ್ಲಿ. ರಿಜಿಸ್ಟರ್‌ಗಳೂ ಹೋಗಿಲ್ಲ, ಹಾಗಾಗಿ ಬರೆಯೋದು ಎರಡೆರಡು ಸಲ. ನೆಟ್‌ವರ್ಕ್ ಸಿಗೋದು ದೇವಸ್ಥಾನದ ಕಟ್ಟೆ ಹತ್ತಿರ, ಅಲ್ಲಿಗೆ ಹೋಗಿ ನಿಂತು ತುಂಬುತ್ತಾರೆ. ಹಲವು ಅಂಗನವಾಡಿ ಸೇರಿ ಒಂದು ಸರ್ಕಲ್, ಪಕ್ಕದ ಸರ್ಕಲ್‌ನ ಸೂಪರ್‌ವೈಸರ್ ಹುದ್ದೆ ಖಾಲಿ ಬಿದ್ದಿದೆ. ಇವರ ಸೂಪರ್‌ವೈಸರ್ ಮೇಡಮ್ಮೇ ಎರಡನ್ನೂ ನೋಡಿಕೊಳ್ಳಬೇಕು. ಮೀಟಿಂಗ್‌ನಲ್ಲಿ ಆಕೆ ಬೈಯುತ್ತಾರೆ, ಇವರು ಬೈಸಿಕೊಳ್ಳುತ್ತಾರೆ, ಮೇಲಿನವರ ಹತ್ತಿರ ಆಕೆಗೂ ಅದೇ ಗತಿ ಅಂತ ಅತ್ತಿಗೆಗೇ ಪಾಪ ಅನ್ನಿಸುತ್ತದಂತೆ.

ಇಷ್ಟಾದರೂ ಅವರು ಸರ್ಕಾರಿ ನೌಕರರಲ್ಲ. 2006ರಲ್ಲಿ ನಮ್ಮ ರಾಜ್ಯದ್ದೇ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತು. 2022ರಲ್ಲಿ ಗುಜರಾತಿನ ಕೇಸಿನಲ್ಲಿ ಗ್ರಾಚುಟಿಯಾದರೂ (ಕೆಲಸ ಬಿಡುವಾಗಿನ ಇಡಿಗಂಟು) ಕೊಡಬೇಕು ಅಂದಿತು.

ಆದೇಶ ತಡವಾದರೆ ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕ್ ಧರಣಿ ಇರಬಹುದು ಅಂದರು ಅತ್ತಿಗೆ. ಬಂದರೆ ನಮ್ಮ ಮನೇಲೇ ಉಳಿದುಕೊಳ್ಳಿ ಅಂದಿದ್ದೇನೆ. ಶಕ್ತಿ ಯೋಜನೆಯಿಂದ ಬಸ್ಸು ಹೇಗೂ ಫ್ರೀ, ಅದೊಂದನ್ನು ಕೈಯಿಂದ ಹಾಕಬೇಕಾಗಿಲ್ಲ.